ಮೊದಲು ಕಿರ್ದಿ

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ
ಬೆಳಗಿನ ಆರು ನಲವತ್ತಕ್ಕೆ ಕರೆಂಟು ಹೋಯಿತು.
ಹನ್ನೊಂದು ನಿಮಿಷ. ಮಂಜುಗಡ್ಡೆಗೆ ಗೊತ್ತೂ ಆಗಲಿಲ್ಲ.
ಆದರೆ ಇನ್ನೂರ ಹನ್ನೆರಡನೇ ಪೆಟ್ಟಿಗೆ,
ಹ್ಯಾಡಕ್, ನಲವತ್ತು ಕಿಲೋ,
ಆಡ್ಲಿಂಗನ ವ್ಯಾನಿನಲ್ಲಿ ಹತ್ತಿ ಕೂತಿತ್ತು;
ತೆರೆಯ ಮೇಲೆ ಮಾತ್ರ ಇನ್ನೂ ಯಾರದೂ ಅಲ್ಲ.
ದೀಪ ಬಂದ ಮೇಲೆ ಅದನ್ನೇ ಇನ್ನೊಮ್ಮೆ ಕೂಗಿ
ಸ್ಕಾರ್ಬರೋದಿಂದ ಬಂದವಳಿಗೆ ಮಾರಿದರು.
ಒಂದು ಮೀನು, ಎರಡು ರಶೀದಿ.
ಜಗಳಕ್ಕೆ ಇನ್ನೇನು ಬೇಕು.

ಅದಕ್ಕೇ ನನ್ನನ್ನು ಕರೆಸಿದ್ದು.
ಬಿದ್ದರೆ ಹೇಗೆ ಏಳಬೇಕು ಅಂತ
ಯಂತ್ರಕ್ಕೊಂದು ರೀತಿ ಆರಿಸಿಕೊಡಬೇಕು,
ಶುಕ್ರವಾರದೊಳಗೆ.

ನೆರಳು ಪುಟದ ದಾರಿ ಒಂದಿದೆ, ಚೆಂದದ್ದು:
ಹಳೆಯ ಹಾಳೆ ಮುಟ್ಟದೆ ಪಕ್ಕದಲ್ಲೊಂದು ಪ್ರತಿ ಇಟ್ಟು
ತಿದ್ದುವುದೆಲ್ಲ ಅದರಲ್ಲೇ ತಿದ್ದಿ
ಕೊನೆಗೆ ಒಂದೇ ಒಂದು ಬೆರಳು ತಿರುಗಿಸುವುದು,
ಇನ್ನು ಮೇಲೆ ಇದೇ ಅಸಲು ಎಂದು.
ನಡುವೆ ಕುಸಿದರೆ ಬೆರಳು ಹಳೆಯದನ್ನೇ ತೋರುತ್ತಿರುತ್ತದೆ,
ಏನೂ ಆಗಿಯೇ ಇಲ್ಲವೆಂಬಂತೆ.
ನನಗೆ ಬಹಳ ಇಷ್ಟವಾಗಿತ್ತು. ಒಂದು ರಾತ್ರಿ ಪೂರ್ತಿ ಇಷ್ಟವಾಗಿತ್ತು.
ಒಬ್ಬರೇ ಕೂತು ಬರೆಯುವ ಮನೆಗೆ ಅದು ಸರಿ.
ಇಲ್ಲಿ ಮೂವತ್ತು ಕೈ ಒಟ್ಟಿಗೆ ಏಳುತ್ತವೆ,
ಯಾರ ನೆರಳು ಯಾರ ಮೇಲೆ ಬಿತ್ತೆಂದು ನೋಡುವವರಾರು.

ಎನಿಡ್ ಥ್ರಸೆಲ್, ಮೂವತ್ತೊಂದು ವರ್ಷದ ಗುಮಾಸ್ತೆ,
ಚಹಾದ ಲೋಟ ನನ್ನ ನಕ್ಷೆಯ ಮೇಲೇ ಇಟ್ಟು ಹೇಳಿದಳು:
"ನಾನು ಆಯಿತು ಅಂದದ್ದು ಆಗಿರಬೇಕು.
ಆಯಿತು ಅನ್ನದ್ದು ಆಗಿರಬಾರದು.
ಇಷ್ಟೇ ಮರಿ. ಉಳಿದದ್ದು ನಿನ್ನ ಸಂಬಳಕ್ಕೆ ಸೇರಿದ್ದು."

ಆಗ ಸೀನಿದ ಸದ್ದು ಕೇಳಿತು, ಎಷ್ಟೋ ದೂರದಿಂದ.
ಬ್ಯಾಡಗಿಯ ಅಡತಿಯಲ್ಲಿ ಮೆಣಸಿನಕಾಯಿ ಘಾಟಿನ ನಡುವೆ
ಲೆಕ್ಕ ಬರೆಯುತ್ತಿದ್ದ ಸೋದರಮಾವ ಗುರುಶಾಂತಪ್ಪ.
"ಕಿರ್ದಿಗೆ ಹತ್ತದ ರೊಕ್ಕ ಖಾತೆಗೆ ಹತ್ತಬಾರದು.
ಖಾತೆ ಹರದ್ರ ಕಿರ್ದಿಯಿಂದ ಕಟ್ಟಬಹುದು.
ಕಿರ್ದೀನ ಹರದ್ರ ದೇವರನ್ನ ಕೇಳಬೇಕು,
ಅಂವ ಲೆಕ್ಕ ಇಡೂದಿಲ್ಲ."

ಬರೆದುಕೊಟ್ಟೆ: ಮೊದಲು ಕಿರ್ದಿ.
ಪುಟ ಬದಲಾಗುವ ಮುನ್ನ
ಬದಲಾಗಲಿದೆ ಎಂಬ ಸಾಲು ಡಿಸ್ಕಿಗೆ ಇಳಿಯಲಿ.
ಕಾಲುಗಂಟೆಗೊಂದು ಗುರುತಿನ ಕಲ್ಲು,
ಎದ್ದ ಮೇಲೆ ತೀರ ಹಿಂದಿನಿಂದ ನಡೆಯಬೇಕಾಗದ ಹಾಗೆ.
ಕಮಿಟಿ ಗೊಣಗಿತು: ಹರಾಜು ಓಡುತ್ತದೆ, ಡಿಸ್ಕು ತೆವಳುತ್ತದೆ,
ಸಾಲು ಸಾಲಿಗೂ ಕಾಯುವುದೇ?
ಆಯಿತು ಅನ್ನುವ ಸಾಲಿಗೆ ಕಾಯಿರಿ ಸಾಕು, ಎಂದೆ.

ಭಾನುವಾರ, ಖಾಲಿ ಕಟ್ಟೆ. ಕಡಲಹಕ್ಕಿಗಳು ಜಂತಿಯ ಮೇಲೆ.
ಪ್ಲಗ್ಗು ಕಿತ್ತವಳು ಎನಿಡ್ಡೇ,
ಕೊಂಚ ಖುಷಿಯಿಂದಲೇ ಕಿತ್ತಳು.

ಏಳುವ ಕ್ರಮ ವಿಚಿತ್ರ.
ನಡೆದದ್ದನ್ನೆಲ್ಲ ಅದು ಮತ್ತೊಮ್ಮೆ ನಡೆಸುತ್ತದೆ,
ಅರ್ಧಕ್ಕೆ ನಿಂತದ್ದನ್ನೂ,
ಅಳಿಸಲೇಬೇಕೆಂದು ಗೊತ್ತಿರುವುದನ್ನೂ,
ಬಿದ್ದ ಗಳಿಗೆಯವರೆಗೆ.
ಆಮೇಲೆ ಹಿಂದಕ್ಕೆ ತಿರುಗಿ
ಮುಗಿಯದ ಗಂಟುಗಳನ್ನು ಒಂದೊಂದೇ ಬಿಚ್ಚುತ್ತದೆ.
ಬಿಚ್ಚಿದ್ದನ್ನೂ ಬರೆದಿಡುತ್ತದೆ;
ಬಿಚ್ಚುವಾಗಲೇ ಮತ್ತೆ ಬಿದ್ದರೆ
ಅದೇ ಗಂಟಿಗೆ ಎರಡನೇ ಸಲ ಕೈ ಹಾಕದಿರಲೆಂದು.
ಇಷ್ಟು ಶಿಸ್ತು ಮನುಷ್ಯರಲ್ಲಿ ಕಂಡಿಲ್ಲ. ನನ್ನಲ್ಲಂತೂ.

ಹದಿನಾಲ್ಕು ಸೆಕೆಂಡು.
ತೆರೆ ಬೆಳಗಿತು, ಪೆಟ್ಟಿಗೆಗಳೆಲ್ಲ ಅವರವರ ಹೆಸರಿನಲ್ಲಿ.
"ಆ ದಿನದ್ದನ್ನೂ ಓಡಿಸು ನೋಡೋಣ," ಎಂದಳು.
ಓಡಿಸಿದೆವು, ಅದೇ ಗಳಿಗೆಗೆ ಪ್ಲಗ್ಗು ಕಿತ್ತು.
ಇನ್ನೂರ ಹನ್ನೆರಡು: ಮಾರಾಟವಾಗಿಲ್ಲ.

"ಆಡ್ಲಿಂಗ್ ತಲೆ ಆಡಿಸಿದ್ದ. ನಾನೇ ನೋಡಿದ್ದೆ.
ಕೀಲಿಯ ಮೇಲೆ ಬೆರಳು ಇಳಿಯುತ್ತಿತ್ತು."

ಇಳಿಯುತ್ತಿದ್ದ ಬೆರಳಿಗೆ ನನ್ನಲ್ಲಿ ಕಾಲಂ ಇಲ್ಲ.
ಎನಿಡ್ ಕಿವಿಯ ಹಿಂದಿನ ಪೆನ್ಸಿಲು ತೆಗೆದು
ಬಿಸ್ಕತ್ತಿನ ಪೊಟ್ಟಣದ ಮೇಲೆ ಏನೋ ಗೀಚಿ
ಕೋಟಿನ ಜೇಬಿಗೆ ಸೇರಿಸಿದಳು.
ನಾಳೆ ಹರಾಜು ಆರೂವರೆಗೆ.